ಒಲೆ ಇಲ್ಲದ ರೂಮು

ಕಡಬ ತಾಲೂಕು ಆದದ್ದರಿಂದ ಊರಿನಲ್ಲಿ ಯಾರಿಗೆ ಏನು ಲಾಭವಾಯಿತೋ ದೇವರಿಗೇ ಗೊತ್ತು, ಸುಪ್ರಿತಾಳಿಗೆ ಮಾತ್ರ ಚಹಾದ ಕೆಲಸ ಹೆಚ್ಚಾಯಿತು. ಎದುರಿಗೆ ಗಂಡ ಸರ್ವೋತ್ತಮ ಗೌಡರ ರಬ್ಬರ್ ಶೀಟ್ ಖರೀದಿಯ ಅಂಗಡಿ, ಅದರ ಬೆನ್ನಿಗೇ ಮನೆ, ನಾಲ್ಕು ಹೆಜ್ಜೆ ಆಚೆ ತಾಲೂಕು ಕಚೇರಿ. ಆರ್‌ಟಿಸಿಗೆ ಬಂದವರು, ಜಮೀನಿನ ಪೋಡಿಗೆ ಬಂದವರು, ಜಾತಿ ಸರ್ಟಿಫಿಕೇಟಿಗೆ ಬಂದವರು, ಎಲ್ಲರೂ ಒಂದೋ ಸಂಬಂಧಿಕರು, ಇಲ್ಲದಿದ್ದರೆ ಸಂಬಂಧಿಕರ ಸಂಬಂಧಿಕರು. ಸಾಹೇಬರು ಇನ್ನೂ ಬಂದಿಲ್ಲ ಎಂದಾದರೆ ಕುಳಿತುಕೊಳ್ಳಲು ಒಂದು ಜಾಗ ಬೇಡವೇ? ಸುಪ್ರಿತಾಳ ಚಾವಡಿ ಇತ್ತು. ಸಾಹೇಬರು ಮೀಟಿಂಗಿಗೆ ಪುತ್ತೂರಿಗೆ ಹೋದರು, ಇನ್ನು ಮಧ್ಯಾಹ್ನದ ಮೇಲೆಯೇ ಎಂದಾದರೆ ಊಟವೂ ಆಗಬೇಡವೇ?

"ದೊಡ್ಡ ಅಡಿಗೆ ಎಂತ ಬೇಡ ಸುಪ್ರಿತಾ, ಒಂದು ಗಂಜಿ ಸಾಕು" ಎನ್ನುತ್ತಿದ್ದರು ಬಂದವರು. ಗಂಜಿ ಸಾಕು ಎಂದವರಿಗೆ ಬರೀ ಗಂಜಿ ಬಡಿಸಿ ನೋಡಿ! ವಾರದೊಳಗೆ ಸುದ್ದಿ ಸುಳ್ಯ ದಾಟಿ ಸಂಪಾಜೆ ಮುಟ್ಟುತ್ತದೆ. ಒಂದು ಚಟ್ನಿ, ಒಂದು ಪಲ್ಯ, ಹುರಿದ ಒಣಮೀನಿನ ಎರಡು ತುಂಡು ಆಗಲೇಬೇಕು. ಸರ್ವೋತ್ತಮ ಗೌಡರು ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ "ಇಲ್ಲ" ಎಂಬ ಶಬ್ದ ಅವರ ಬಾಯಲ್ಲಿ ಹುಟ್ಟಿಯೇ ಇಲ್ಲ. ಯಾರ ತಲೆ ಕಂಡರೂ "ಬನ್ನಿ ಬನ್ನಿ, ಆಸರಿಗೆ ಎಂತ ಕುಡಿಯುದು?" ಎಂದು ಕೇಳುವುದು, ಕುತ್ತಿಗೆ ಕೂಡ ತಿರುಗಿಸದೆ "ಸುಪ್ರಿತಾ, ಚಹಾ" ಎಂದು ಕೂಗುವುದು. ಆಯಿತಲ್ಲ, ಅವರ ಅತಿಥಿ ಸತ್ಕಾರ ಅಲ್ಲಿಗೆ ಮುಗಿಯಿತು.

ಇವಳೇನು ತಿಳಿಯದ ಹೆಂಗಸಲ್ಲ. ಕುಂಬ್ರದ ಕಡೆಯವಳು, ಪುತ್ತೂರಿನಲ್ಲಿ ಬಿ.ಕಾಂ. ಓದಿದವಳು, ಅಂಗಡಿಯ ಲೆಕ್ಕಪತ್ರವೆಲ್ಲ ಇವತ್ತಿಗೂ ಅವಳದ್ದೇ. ಮದುವೆಯಾದ ಹೊಸತರಲ್ಲಿ ಗಂಡ ಮೈಸೂರು ತೋರಿಸುತ್ತೇನೆ ಎಂದು ಕರೆದುಕೊಂಡು ಹೋಗಿದ್ದರು. ಉಳಿದದ್ದು ಅವರ ದೊಡ್ಡಪ್ಪನ ಮಗಳ ಮನೆಯಲ್ಲಿ. ಹೊಸ ಮದುಮಗಳು ಅರಮನೆ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ್ದು ಆ ಮನೆಯ ಗ್ರೈಂಡರನ್ನು. ಗಂಡನ ಮನೆಯವರ ಪದ್ಧತಿಯೇ ಹಾಗೆ. ನಮ್ಮವರು ಅಂತ ಒಬ್ಬರು ಇರುವ ಊರಿನಲ್ಲಿ ದುಡ್ಡು ಕೊಟ್ಟು ರೂಮು ಮಾಡುವುದೆಂದರೆ ಆ ನಮ್ಮವರ ಕೆನ್ನೆಗೆ ಹೊಡೆದ ಲೆಕ್ಕ. ಊಟಿಗೆ ಹೊರಟಾಗ ಅಲ್ಲಿ ಯಾರೂ ಇಲ್ಲ ಎಂದು ಸುಪ್ರಿತಾ ಬಸ್ಸಿನಲ್ಲೇ ಹಾಡು ಗುನುಗಿದ್ದಳು. ಇಳಿಯುವಾಗ ನೋಡಿದರೆ ಬಸ್‌ಸ್ಟ್ಯಾಂಡಿನಲ್ಲಿ ಬೆಳ್ಳಾರೆ ಕಡೆಯವನೇ ಆದ, ಎಸ್ಟೇಟಿನ ಲೆಕ್ಕ ಬರೆಯುವ ಒಬ್ಬ ರೈಟರ್ ಕೈ ಬೀಸುತ್ತ ನಿಂತಿದ್ದ. ಅಲ್ಲಿಯೂ ಅವಳು ಈರುಳ್ಳಿ ಹೆಚ್ಚಿದಳು. ಮಗಳು ಪ್ರೀತಿಕಾ ಪುತ್ತೂರಿನ ಸೊಸೈಟಿಯೊಂದರಲ್ಲಿ ಕೆಲಸಕ್ಕೆ ಸೇರಿ ಸಂಬಳ ತರುವಷ್ಟು ದೊಡ್ಡವಳಾದರೂ, ತಾಯಿ ಈ ಜನ್ಮದಲ್ಲಿ ಒಂದು ರಾತ್ರಿ ಹೋಟೆಲಿನಲ್ಲಿ ಮಲಗಿದವಳಲ್ಲ.

ಇನ್ನು ಕಾರ್ಡಿನ ಕಥೆ. ಬ್ಯಾಂಕಿನ ಒಬ್ಬ ಹುಡುಗ ಟಾರ್ಗೆಟ್ ಆಗಿಲ್ಲವೆಂದು ಅಳುವ ಮುಖ ಮಾಡಿದ್ದಕ್ಕೆ ಸುಪ್ರಿತಾ ಒಂದು ಕ್ರೆಡಿಟ್ ಕಾರ್ಡಿಗೆ ಸಹಿ ಹಾಕಿದ್ದಳು. ಅದು ಯಾವುದೋ ದೊಡ್ಡ ಹೋಟೆಲು ಕಂಪೆನಿಯ ಜೊತೆಗಿನ ಕಾರ್ಡು. ಕಾರ್ಡಿದ್ದರೆ ಡಿಸ್ಕೌಂಟು ಉಂಟು ಎಂದು ಗೊತ್ತಾದದ್ದೇ ತಡ, ಇಡೀ ಕುಟುಂಬ, ನೆರೆಕರೆ ಎಲ್ಲ ಸಾಲುಗಟ್ಟಿ ಬಂತು. ನಾದಿನಿ ಸೀತಕ್ಕನ ವಾಷಿಂಗ್ ಮೆಷಿನ್, ಜೀಪು ಓಡಿಸುವ ಅಬೂಬಕರ್ ಮಗಳ ಮದುವೆಗೆ ತೆಗೆದ ಎ.ಸಿ., ಯಾರದ್ದೋ ಫ್ರಿಜ್ಜು, ಇನ್ಯಾರದ್ದೋ ಹುಲ್ಲು ಕತ್ತರಿಸುವ ಯಂತ್ರ, ಎಲ್ಲವೂ ಸುಪ್ರಿತಕ್ಕನ ಕಾರ್ಡಿನಲ್ಲಿಯೇ. ದುಡ್ಡು ಎಲ್ಲರೂ ಸರಿಯಾಗಿಯೇ ತಂದುಕೊಟ್ಟರು, ಸುಳ್ಳು ಹೇಳಬಾರದು. ಅಂಗಡಿಯಿಂದ ಅಂಗಡಿಗೆ ಅವರ ಜೊತೆ ಬಿಸಿಲಲ್ಲಿ ತಿರುಗಿದ್ದು ಮಾತ್ರ ಇವಳು.

ಮಾಘ ಕಳೆಯುವ ಹೊತ್ತಿಗೆ ಒಂದು ಭಾನುವಾರ ಪ್ರೀತಿಕಾ ತಾಯಿಯ ಫೋನು ತಿರುವುತ್ತಿದ್ದವಳು ಬೊಬ್ಬೆ ಹಾಕಿದಳು. "ಅಮ್ಮಾ! ಕಾರ್ಡಲ್ಲಿ ಪಾಯಿಂಟ್ ಎಷ್ಟು ಬಿದ್ದಿದೆ ಗೊತ್ತುಂಟಾ? ಈ ಕಂಪೆನಿಯ ಯಾವ ದ್ವೀಪದ ಹೋಟೆಲಲ್ಲಾದ್ರೂ ನಾಲ್ಕು ರಾತ್ರಿ ಫ್ರೀ! ಮಾರ್ಚ್ ಕೊನೆಗೆ ಎಲ್ಲ ಲ್ಯಾಪ್ಸ್ ಆಗ್ತದೆ, ಬೇಗ ಹೋಗ್ಬೇಕು."

ರಬ್ಬರ್ ಮರ ಎಲೆ ಉದುರಿಸುವ ಕಾಲ. ಹಾಲು ತೆಗೆಯುವ ಟ್ಯಾಪಿಂಗ್ ಇಲ್ಲ, ಶೀಟಿಲ್ಲ, ಅಂಗಡಿಯಲ್ಲಿ ಸರ್ವೋತ್ತಮ ಗೌಡರು ಆಕಳಿಸುವುದು ಬಿಟ್ಟರೆ ಬೇರೆ ವ್ಯವಹಾರವಿಲ್ಲ. ಹೋಗಲು ಇದಕ್ಕಿಂತ ಒಳ್ಳೆಯ ಸಮಯ ಯಾವುದು? ಸುಪ್ರಿತಾ ಬೆರಳು ಮಡಚಿ ಎಣಿಸಿದಳು. ನಾಲ್ಕು ದಿನ! ಹಾಸಿಗೆಯಲ್ಲಿ ಕುಳಿತಲ್ಲಿಗೆ ಚಹಾ ಬರುವ ನಾಲ್ಕು ದಿನ. ಯಾರೂ "ಇವತ್ತು ಪದಾರ್ಥ ಎಂತ?" ಎಂದು ಕೇಳದ ನಾಲ್ಕು ದಿನ. ಅವಳಿಗೆ ಕಡಲು ಬೇಕಾಗಿರಲಿಲ್ಲ, ಮರಳು ಬೇಕಾಗಿರಲಿಲ್ಲ, ಫೋಟೊದಲ್ಲಿ ಕಾಣುವ ಬಣ್ಣದ ಮೀನೂ ಬೇಡ. ಆ ಒಂದು ಚಹಾ ಸಾಕಿತ್ತು.

ಆದರೆ ಹೋಟೆಲು ಆರಿಸುವುದು ಅವಳೊಬ್ಬಳ ಕೆಲಸ ಎಂದುಕೊಂಡರೆ ಅದು ಮೂರ್ಖತನ. ಆಗ ಸೀತಕ್ಕ ಸಂಪಾಜೆಯಿಂದ ಬಂದು ಮನೆಯಲ್ಲೇ ಇದ್ದರು. ತಾಲೂಕು ಕಚೇರಿಯಲ್ಲಿ ಏನೋ ಒಂದು ಸಹಿಯ ನೆಪ, ಬಂದು ವಾರ ಕಳೆದಿತ್ತು.

"ಅದರಲ್ಲಿ ನನ್ನ ವಾಷಿಂಗ್ ಮೆಷಿನಿನ ಪಾಯಿಂಟೂ ಉಂಟಲ್ವಾ?" ಎಂದರು ಸೀತಕ್ಕ, ಕನ್ನಡಕ ಏರಿಸಿ ಹತ್ತಿರ ಸರಿಯುತ್ತ. "ಹಾಗಾದ್ರೆ ನಾನೂ ನೋಡ್ಬೇಕು."

ಕೇಳಿದಿರಾ! ವಾಷಿಂಗ್ ಮೆಷಿನಿನಲ್ಲಿ ಬಟ್ಟೆ ಒಗೆಯುವುದು ಸಂಪಾಜೆಯಲ್ಲಿ, ಪಾಲು ಕೇಳುವುದು ಕಡಬದಲ್ಲಿ. ಪ್ರೀತಿಕಾ ಮಾಲ್ಡೀವ್ಸಿನ ಹೋಟೆಲು ತೋರಿಸಿದಳು. ನೀಲಿ ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ರೂಮುಗಳು.

"ನೀರಿನ ಮೇಲೆ ಮನೆಯಾ? ಕರ್ಮ! ಅಡಿಯಲ್ಲಿ ಗುಳುಗುಳು ಅಂತಿದ್ರೆ ನಿದ್ದೆ ಬರ್ತದಾ ಮನುಷ್ಯರಿಗೆ?" ಸೀತಕ್ಕ ಮುಖ ಸಿಂಡರಿಸಿದರು.

ಸುಪ್ರಿತಾಳ ಪ್ರಶ್ನೆ ಬೇರೆಯೇ ಇತ್ತು. "ಅಲ್ಲಿ ನಮ್ಮವರು ಯಾರಾದ್ರೂ ಇದ್ದಾರಾ?"

"ಇಲ್ದೆ ಎಂತ? ನಮ್ಮ ಗುತ್ತಿಗಾರಿನ ಒಬ್ಬ ಅಲ್ಲಿ ಟೀಚರ್" ಎಂದರು ಸರ್ವೋತ್ತಮ ಗೌಡರು ಸಂತೋಷದಿಂದ. ಮಾಲ್ಡೀವ್ಸ್ ಅಲ್ಲಿಗೇ ಖಲಾಸ್.

ಬಾಲಿಯ ಹೋಟೆಲಿಗೆ ಬಂದಾಗ ಗೌಡರು ಫೋನು ಕಿತ್ತುಕೊಂಡು ಎರಡು ಬೆರಳಲ್ಲಿ ಚಿತ್ರ ದೊಡ್ಡದು ಮಾಡಿದರು. ಮಗಳು ಈಜುಕೊಳ ನೋಡುತ್ತಿದ್ದಾರೆ ಎಂದುಕೊಂಡಳು. ಅವರು ನೋಡುತ್ತಿದ್ದದ್ದು ತೆಂಗಿನ ಮರ. "ಇದೆಂತ ಮಾರಾಯ್ತಿ, ಕಾಯಿ ತೆಗೆಸಿಯೇ ಇಲ್ಲ ಇವರು! ಸರೀ ರೂಮಿನ ಮೇಲೆಯೇ ಬಗ್ಗಿ ನಿಂತಿದೆ. ರಾತ್ರಿ ತಲೆಗೆ ಬಿದ್ರೆ ಯಾರು ಜವಾಬ್ದಾರಿ? ಗರಿಗೆ ರೋಗವೂ ಉಂಟು, ನೋಡು, ಹಳದಿ ಹಳದಿ." ಅಷ್ಟು ಹೇಳಿದ ಮೇಲೆ ಅವರ ಪಾಸ್‌ಪೋರ್ಟಿನ ಅವಧಿ ಮುಗಿದಿದೆ ಎಂಬುದು ನೆನಪಾಯಿತು. ಅಯ್ಯೋ, ಇದನ್ನು ಮೊದಲೇ ಹೇಳಬಾರದಿತ್ತೇ? ಪಾಸ್‌ಪೋರ್ಟಿಲ್ಲದೆ ಮಾಲ್ಡೀವ್ಸಿಗೆ ಹೋಗುವವರು ಗುತ್ತಿಗಾರಿನ ಟೀಚರನ್ನು ಹುಡುಕಿದ್ದು ಯಾಕೆ?

ಅಂಗಡಿ ಬಾಗಿಲಿಗೆ ಬಂದ ಅಬೂಬಕರ್ ಕೂಡ ಎ.ಸಿ.ಯ ಪಾಲಿಗೆ ಒಂದು ಅಭಿಪ್ರಾಯ ಕೊಟ್ಟರು. "ಲಕ್ಷದ್ವೀಪಕ್ಕೆ ಹೋಗಿ ಗೌಡ್ರೆ. ಒಳ್ಳೆ ಜಾಗ. ಹೋಟೆಲೆಲ್ಲ ಯಾಕೆ, ನಮ್ಮ ತಂಗಿಯನ್ನು ಕೊಟ್ಟದ್ದು ಅಲ್ಲಿಗೇ. ಒಂದು ಫೋನು ಮಾಡಿದ್ರೆ ಸಾಕು, ಅಕ್ಕನಿಗೆ ಎಂತ ಕೊರತೆ ಆಗ್ಲಿಕ್ಕಿಲ್ಲ."

"ನಿಮ್ಮ ತಂಗಿ ಸುಖವಾಗಿರ್ಲಿ ಅಬೂಬಕರಣ್ಣ, ನಾವು ಅಲ್ಲಿಗೆ ಹೋಗುದಿಲ್ಲ" ಎಂದಳು ಸುಪ್ರಿತಾ.

ಕೊನೆಗೆ ಉಳಿದದ್ದು ಅಂಡಮಾನ್. ಅಷ್ಟರಲ್ಲಿ ಸೀತಕ್ಕನ ಸಹಿ ಮುಗಿದು ಅವರು ಸಂಪಾಜೆಯ ಬಸ್ಸು ಹತ್ತಿದ್ದರು. ಪೋರ್ಟ್‌ಬ್ಲೇರಿನಲ್ಲಿ ಆ ಕಂಪೆನಿಯ ಹೋಟೆಲು ಎರಡಿದ್ದವು. ಒಂದರಲ್ಲಿ ರೂಮಿನೊಳಗೇ ಸಣ್ಣ ಅಡಿಗೆಮನೆ, ಒಲೆ, ಪಾತ್ರೆ, ಕುಕ್ಕರ್ ಸಹಿತ.

ಗೌಡರ ಮುಖ ಅರಳಿತು. "ಹಾಂ, ಇದು ಬುದ್ಧಿವಂತಿಕೆ! ಕುಚ್ಚಲಕ್ಕಿ ಕಟ್ಟಿಕೊಂಡು ಹೋದ್ರೆ ಆಯ್ತು. ಆ ಬಿಳಿ ಬೆಳ್ತಿಗೆ ಅನ್ನ ನಾಲ್ಕು ದಿನ ಯಾರು ತಿನ್ನುದು? ಬೆಳಿಗ್ಗೆ ಒಂದು ಗಂಜಿ, ರಾತ್ರಿಗೆ ಒಂದು ಸಾರು."

ಸುಪ್ರಿತಾ ಕೈಯಲ್ಲಿದ್ದ ಲೋಟ ಮೇಜಿನ ಮೇಲೆ ಕುಕ್ಕಿದಳು. "ಯಾರು ಮಾಡುದು ಆ ಸಾರು?"

ಗೌಡರು ಫೋನನ್ನು ಮೆಲ್ಲ ಮಗಳ ಕಡೆ ಸರಿಸಿದರು.

"ಒಲೆ ಇರುವ ರೂಮು ನನಗೆ ಬೇಡ. ವಿಮಾನ ಹತ್ತಿ, ಕಡಲು ದಾಟಿ ಹೋಗಿ ಕುಕ್ಕರ್ ಇಡುದಕ್ಕೆ ನನಗೆ ಮರುಳಾ? ಪ್ರೀತಿಕಾ, ಇನ್ನೊಂದನ್ನು ಒತ್ತು. ಒತ್ತು ಹೇಳಿದೆ!"

ಮಗಳು ಒತ್ತಿದಳು. ಬುಕ್ ಮಾಡಿದ ಮೇಲೆ ರದ್ದು ಮಾಡಿದರೆ ಪಾಯಿಂಟ್ ವಾಪಸ್ ಬರುವುದಿಲ್ಲ ಎಂದು ಕೆಂಪಕ್ಷರದಲ್ಲಿ ಬಂತು. ಬಾರದಿದ್ದರೆ ಬೇಡ, ರದ್ದು ಮಾಡುವವರು ಯಾರು? ಅಂಡಮಾನಿನಲ್ಲಿ ನಮ್ಮವರು ಯಾರೂ ಇಲ್ಲ. ಗಂಡನನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದಳು. ಅವತ್ತು ಸಂಜೆ ಬಂದ ನೆಂಟರಿಗೆ ಅವಳು ನಗುನಗುತ್ತ ಚಹಾ ಕೊಟ್ಟಳು, ಜೊತೆಗೆ ಕೇಳದೆಯೇ ಬಾಳೆಕಾಯಿ ಚಿಪ್ಸೂ ಕೊಟ್ಟಳು.

ಹಾಳಾದ್ದು, ಆ ಪ್ರೀತಿಕಾ ಖುಷಿ ತಡೆಯಲಾರದೆ ವಾಟ್ಸಾಪಿನಲ್ಲಿ ಸ್ಟೇಟಸ್ ಹಾಕಿದಳು. ಸೀತಕ್ಕ ಅದನ್ನು ನೋಡಿದರು. ನೋಡಿದವರು ಇವರಿಗೆ ಫೋನು ಮಾಡಿದರೇ? ಇಲ್ಲ. ಸೀದಾ ಪೋರ್ಟ್‌ಬ್ಲೇರಿಗೇ ಮಾಡಿದರು. ಸೀತಕ್ಕನ ಗಂಡನ ಚಿಕ್ಕಪ್ಪನ ಮಗ, ಸಂಪಾಜೆಯ ವೆಂಕಟ್ರಮಣ, ಅಲ್ಲಿ ದಿನಸಿ ಸಗಟು ವ್ಯಾಪಾರ ಮಾಡಿಕೊಂಡಿದ್ದನಂತೆ. ಎಷ್ಟೋ ವರ್ಷದಿಂದ ಇದ್ದನಂತೆ! ಇಷ್ಟು ವರ್ಷ ಯಾರ ಬಾಯಲ್ಲೂ ಬಾರದಿದ್ದ ವೆಂಕಟ್ರಮಣ ಸರಿಯಾಗಿ ಇವಳ ನಾಲ್ಕು ರಾತ್ರಿಗೆ ಹುಟ್ಟಿಬಂದ.

ಮಾರನೆಯ ದಿನ ಅವನ ಫೋನು ಬಂತು. ಗೌಡರು ಸ್ಪೀಕರ್ ಹಾಕಿಯೇ ಮಾತಾಡುವವರು.

"ಎಂತ ಸರ್ವೋತ್ತಮಣ್ಣ, ನಾವೆಲ್ಲ ಇಲ್ಲಿ ಸತ್ತಿದ್ದೇವಾ? ನಮ್ಮ ಮನೆ ಇರುವಾಗ ನೀವು ಲಾಡ್ಜಿನಲ್ಲಿ ಮಲಗುದಾ? ನಾಳೆ ಊರಿನವರು ಕೇಳಿದ್ರೆ ನಾನು ಮುಖ ಎಲ್ಲಿ ಇಡ್ಲಿ?"

ಬಾಗಿಲಲ್ಲಿ ನಿಂತ ಸುಪ್ರಿತಾ ಎರಡೂ ಕೈ ಬೀಸಿದಳು, ತಲೆ ಆಡಿಸಿದಳು, ಕೊನೆಗೆ ಕೈ ಮುಗಿದಳು. ಗೌಡರು ಎಲ್ಲವನ್ನೂ ನೋಡಿದರು. ನೋಡಿಯೇ ಹೇಳಿದರು, "ಛೆ ಛೆ, ಹಾಗೆಂತ ಇಲ್ಲ ಮಾರಾಯ. ಬರ್ತೇವೆ, ನಿಮ್ಮಲ್ಲಿಗೇ ಬರುದು."

ಅವತ್ತು ಆ ಮನೆಯಲ್ಲಿ ನಡೆದ ಜಗಳ ತಾಲೂಕು ಕಚೇರಿಯ ಸರದಿಯಲ್ಲಿ ನಿಂತವರಿಗೂ ಕೇಳಿರಬೇಕು.

"ನಿಮಗೆ ಒಂದು 'ಇಲ್ಲ' ಹೇಳ್ಲಿಕ್ಕೆ ಬಾಯಲ್ಲಿ ಎಂತ ಹುಣ್ಣಾಗಿದೆಯಾ?"

"ಅವ ಅಷ್ಟು ಕರೆಯುವಾಗ ಹೇಗೆ ಹೇಳುದು? ಪಾಯಿಂಟ್ ತಾನೆ ಹೋಗುದು, ಕೈಯಿಂದ ಎಂತ ಹೋಗುದಿಲ್ಲವಲ್ಲ. ನೀನು ಅಲ್ಲಿ ಒಂದು ಕಡ್ಡಿ ಎತ್ತಿ ಇಡುದು ಬೇಡ, ಆರಾಮಲ್ಲಿ ಕೂತುಕೋ."

"ಕೂತುಕೊಳ್ಳುದಾ? ಆ ಹೆಂಗಸು ಒಬ್ಬಳೇ ಒಲೆ ಮುಂದೆ ಸಾಯುವಾಗ ನಾನು ಕಾಲು ಚಾಚಿ ಕೂತುಕೊಳ್ಳುದಾ? ಇಷ್ಟು ವರ್ಷ ನನ್ನ ಒಟ್ಟಿಗೆ ಇದ್ದು ಅಷ್ಟೂ ಗೊತ್ತಾಗ್ಲಿಲ್ವಾ ನಿಮಗೆ?" ಅವಳಿಗೆ ಅಳು ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ರೂಮನ್ನು ರದ್ದು ಮಾಡಲು ಮಾತ್ರ ಬಿಡಲಿಲ್ಲ. "ಅದು ಅಲ್ಲಿರ್ಲಿ. ಖಾಲಿ ಬಿದ್ದಿರ್ಲಿ. ನನ್ನ ಹೆಸರಲ್ಲಿ ಬೀಗ ಹಾಕಿಯೇ ಇರ್ಲಿ" ಎಂದಳು. ಪ್ರೀತಿಕಾ ಹೋಟೆಲಿಗೆ ಫೋನು ಮಾಡಿ ತಾಯಿ ಸ್ವಲ್ಪ ತಡವಾಗಿ ಬರುತ್ತಾರೆ ಎಂದು ಹೇಳಿಟ್ಟಳು.

ಬರಿಗೈಯಲ್ಲಿ ಹೋಗುವುದುಂಟೇ? ಸೀತಕ್ಕ ಕಳಿಸಿದ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಕುಚ್ಚಲಕ್ಕಿಯ ಚೀಲ ಎಲ್ಲ ಹೊತ್ತುಕೊಂಡು, ಎರಡು ವಿಮಾನ ಬದಲಿಸಿ ಗಂಡಹೆಂಡತಿ ಪೋರ್ಟ್‌ಬ್ಲೇರಿನಲ್ಲಿ ಇಳಿದರು. ದಾರಿಯುದ್ದಕ್ಕೂ ಸುಪ್ರಿತಾಳ ಸಿಟ್ಟು ಇಳಿದಿರಲಿಲ್ಲ. ಕಿಟಕಿಯ ಕೆಳಗೆ ಅಷ್ಟು ಹಸಿರು, ಅಷ್ಟು ನೀಲಿ. "ನೋಡು, ನೋಡು" ಎಂದರು ಗೌಡರು. ಅವಳು ಕಣ್ಣು ಮುಚ್ಚಿಕೊಂಡಳು.

ವೆಂಕಟ್ರಮಣ ನಿಲ್ದಾಣಕ್ಕೇ ಕಾರು ತಂದಿದ್ದ. ಮನೆ ಒಂದು ಏರಿನ ಮೇಲೆ. ಬಂದವರು ಅಂಗಳಕ್ಕೆ ಕಾಲಿಡುವಾಗಲೇ ಅವನು ಒಳಗೆ ಮುಖ ಮಾಡಿ ಕೂಗಿದ, "ಕುಸುಮಾ, ಚಹಾ!"

ಕುತ್ತಿಗೆ ಕೂಡ ತಿರುಗಿಸಲಿಲ್ಲ ಪುಣ್ಯಾತ್ಮ.

ಕುಸುಮಾವತಿ ಸುಳ್ಯದ ಕಡೆಯ ಹೆಣ್ಣು. ನೈಟಿಯ ಮೇಲೊಂದು ಟವೆಲು, ಬೆವರಿದ ಹಣೆ, ಬಾಯಿ ತುಂಬ ನಗು. ಆ ನಗು ಯಾವ ತರದ್ದು ಎಂದು ಸುಪ್ರಿತಾಳಿಗೆ ನೋಡಿದ ಕೂಡಲೇ ಗೊತ್ತಾಯಿತು. ತಾಲೂಕು ಕಚೇರಿಗೆ ಬಂದವರಿಗೆ ಇವಳೂ ಅದೇ ನಗುವನ್ನು ಬಡಿಸುತ್ತಿದ್ದಳಲ್ಲ. ಕೈಕಾಲು ತೊಳೆದು ನೇರ ಅಡಿಗೆಮನೆಗೆ ಹೋಗಿ ಕತ್ತಿಮಣೆಯ ಮುಂದೆ ಕುಳಿತಳು. ಕುಸುಮಾವತಿ ತಡೆದಳು. "ನೀವು ಆರಾಮಲ್ಲಿ ಕೂತ್ಕೊಳ್ಳಿ ಅಕ್ಕ."

"ನನಗೆ ಕೂತು ಅಭ್ಯಾಸ ಇಲ್ಲ" ಎಂದು ಸುಪ್ರಿತಾ ಬೀನ್ಸ್ ಎಳೆದುಕೊಂಡಳು.

ಇಬ್ಬರೂ ಸ್ವಲ್ಪ ಹೊತ್ತು ಹೆಚ್ಚಿದರು, ತುರಿದರು. ಚಾವಡಿಯಲ್ಲಿ ಗಂಡಸರು ರಬ್ಬರಿನ ರೇಟು ಮಾತಾಡುತ್ತಿದ್ದರು. ಕುಸುಮಾವತಿ ಸಾರಿಗೆ ಒಗ್ಗರಣೆ ಹಾಕುತ್ತ, ಬೆನ್ನು ಹಾಕಿಯೇ ಕೇಳಿದಳು. "ಅಕ್ಕ, ನಿಮಗೆ ಹೋಟೆಲು ಬುಕ್ ಆಗಿತ್ತಂತೆ ಅಲ್ವಾ? ಮತ್ತೆ ಇಲ್ಲಿಗೆ ಯಾಕೆ ಬಂದದ್ದು?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಸೌಟು ಹಿಡಿದೇ ತಿರುಗಿದಳು. "ಅಯ್ಯೋ, ತಪ್ಪು ತಿಳೀಬೇಡಿ. ನೀವು ಬಂದದ್ದು ಖುಷಿಯೇ. ಮೊನ್ನೆ ಬೆಳ್ತಂಗಡಿಯವರು ಬಂದು ಹೋದದ್ದಷ್ಟೆ, ಅದಕ್ಕೆ ಮೊದಲು ಇವರ ಫ್ರೆಂಡಿನ ಮನೆಯವರು. ಊರಿನಿಂದ ಅಂಡಮಾನಿಗೆ ಬಂದವರೆಲ್ಲ ನಮ್ಮಲ್ಲಿಗೇ. ಸೊಂಟ ಹಿಡಿದು ಹೋಗಿದೆ ಅಕ್ಕ, ಅದಕ್ಕೆ ಬಾಯಿಗೆ ಬಂತು."

ಸುಪ್ರಿತಾಳಿಗೆ ಮೈಯೆಲ್ಲ ಉರಿಯಿತು, ನಾಚಿಕೆಯಿಂದ. ಗಂಜಿ ಸಾಕು ಎಂದು ಬಂದು ಕುಳಿತುಕೊಳ್ಳುವವರ ಮೇಲೆ ಇಷ್ಟು ವರ್ಷ ಹಲ್ಲು ಕಡಿದವಳು, ಇವತ್ತು ತಾನೇ ಬಂದು ಕುಳಿತಿದ್ದಾಳೆ. ಅಕ್ಕಿ ಚೀಲ ಬೇರೆ ತಂದಿದ್ದಾಳೆ, ಬೇಯಿಸಲಿ ಎಂದು!

"ಆ ಹೋಟೆಲು ಎಲ್ಲುಂಟು?" ಎಂದು ಕೇಳಿದಳು.

ಕುಸುಮಾವತಿ ಅಡಿಗೆಮನೆಯ ಕಿಟಕಿಯಿಂದಲೇ ತೋರಿಸಿದಳು. ಏರಿನ ಕೆಳಗೆ, ಕಡಲ ಅಂಚಿನಲ್ಲಿ ಬಿಳಿ ಕಟ್ಟಡ. "ಬಂದವರಿಗೆ ತೋರಿಸ್ಲಿಕ್ಕೆ ಗೇಟಿನವರೆಗೆ ಹೋಗಿದ್ದೇನೆ. ಒಳಗೆ ಹೇಗುಂಟಂತ ಗೊತ್ತಿಲ್ಲ."

ಸುಪ್ರಿತಾ ಎದ್ದು ಗ್ಯಾಸ್ ಆಫ್ ಮಾಡಿದಳು. "ಸೀರೆ ಉಟ್ಕೊಂಡು ಬಾ. ಎರಡು ಜನಕ್ಕೆ ರೂಮು ಉಂಟು."

"ನಾನಾ? ಅಯ್ಯಪ್ಪ, ಇವರು ಎಂತ ಹೇಳಿಯಾರು!"

"ಅವರ ಹತ್ರ ನಾನು ಹೇಳ್ತೇನೆ."

ಚಾವಡಿಗೆ ಬಂದು ಹೇಳಿದಳು. ವೆಂಕಟ್ರಮಣ ಹೌಹಾರಿ ಎದ್ದುನಿಂತ. "ಅಕ್ಕ, ಇದೆಂತ? ಮನೆಗೆ ಬಂದವರು ಹೋಟೆಲಿಗೆ ಹೋದ್ರೆ ನಮ್ಮ ಮರ್ಯಾದೆ ಎಂತ ಆಗುದು?"

"ನಿಮ್ಮ ಮರ್ಯಾದೆಗೆ ಎಂತ ಆಗುದಿಲ್ಲ. ನನ್ನ ಗಂಡನನ್ನು ನಿಮ್ಮ ಮನೆಯಲ್ಲೇ ಬಿಟ್ಟು ಹೋಗ್ತೇನಲ್ಲ. ನಾಲ್ಕು ದಿನವೂ ಇಲ್ಲೇ ಇರ್ಲಿ, ಚೆಂದ ಮಾಡಿ ನೋಡಿಕೊಳ್ಳಿ."

"ಮತ್ತೆ ಊಟಕ್ಕೆ?" ಎಂದರು ಸರ್ವೋತ್ತಮ ಗೌಡರು.

"ಸಾರು ಆಗಿದೆ. ಅನ್ನ ಮಾಡ್ಕೊಳ್ಳಿ."

ಹೋಟೆಲಿನ ರೂಮಿನಲ್ಲಿ ದೊಡ್ಡ ಹಾಸಿಗೆ, ಗೋಡೆಯಷ್ಟು ದೊಡ್ಡ ಕಿಟಕಿ, ಅದರ ತುಂಬ ಕಡಲು. ಕುಸುಮಾವತಿ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಬಂದು ಹಾಸಿಗೆಯ ಅಂಚಿನಲ್ಲಿ ಕುಳಿತಳು, ಬಸ್ಸಿನಲ್ಲಿ ಪಕ್ಕದವರಿಗೆ ಜಾಗ ಬಿಟ್ಟು ಕುಳಿತಹಾಗೆ. ಸುಪ್ರಿತಾ ಫೋನು ಎತ್ತಿ ಚಹಾ ಹೇಳಿದಳು. ಬಾಗಿಲು ತಟ್ಟಿದ ಶಬ್ದವಾದಾಗ ಇಬ್ಬರೂ ಒಟ್ಟಿಗೇ ಎದ್ದುನಿಂತರು. ತಟ್ಟೆ ಹಿಡಿದು ಬಂದ ಹುಡುಗಿ ನಕ್ಕು ಕುಳಿತುಕೊಳ್ಳಿ ಎಂದು ಹಿಂದಿಯಲ್ಲಿ ಹೇಳಿ, ಸುರಿದು ಕೊಟ್ಟು ಹೋದಳು.

ಚಹಾ ಚಪ್ಪೆ. ಹಾಲು ಸಾಲದು, ಪುಡಿ ಕುದಿದೇ ಇಲ್ಲ. ಕಡಬದಲ್ಲಿ ಇಂಥದ್ದನ್ನು ಕೊಟ್ಟರೆ ಜನ ಜಗಲಿಯಿಂದಲೇ ಎದ್ದುಹೋಗುತ್ತಿದ್ದರು. ಸುಪ್ರಿತಾ ಒಂದು ತೊಟ್ಟೂ ಬಿಡದೆ ಕುಡಿದಳು.

ಎರಡನೆಯ ಸುತ್ತು ಸುರಿದುಕೊಳ್ಳುವಾಗ ಗೌಡರ ಫೋನು ಬಂತು. ಸ್ವರ ಸಣ್ಣಗಾಗಿತ್ತು. "ಸುಪ್ರಿತಾ, ಇಲ್ಲಿ ಈಗ ಇಬ್ಬರು ಬಂದಿದ್ದಾರೆ. ಪುತ್ತೂರಿನವರಂತೆ, ವೆಂಕಟ್ರಮಣನ ಗುರ್ತದವರು. ಚಹಾಪುಡಿ ಎಲ್ಲಿ ಇಟ್ಟದ್ದಂತ ಕುಸುಮನ ಹತ್ರ ಒಮ್ಮೆ ಕೇಳು ಮಾರಾಯ್ತಿ. ವೆಂಕಟ್ರಮಣನಿಗೂ ಗೊತ್ತಿಲ್ಲ."

ಸುಪ್ರಿತಾ ಕೈಯನ್ನು ಫೋನಿಗೆ ಅಡ್ಡ ಹಿಡಿದು ಕೇಳಿದಳು.

ಕುಸುಮಾವತಿ ಅಷ್ಟರಲ್ಲಿ ಹಾಸಿಗೆಯ ನಡುವಿಗೆ ಸರಿದು, ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡಿದ್ದಳು. ಬಿಸ್ಕತ್ತನ್ನು ಚಹಾದಲ್ಲಿ ಮುಳುಗಿಸಿ, ನಿಧಾನಕ್ಕೆ ಬಾಯಿಗಿಟ್ಟು, ಕಡಲನ್ನೇ ನೋಡುತ್ತ ಹೇಳಿದಳು.

"ಗೊತ್ತಿಲ್ಲಂತ ಹೇಳಿ ಅಕ್ಕ."

"ಅವಳಿಗೆ ಗೊತ್ತಿಲ್ಲಂತೆ" ಎಂದು ಹೇಳಿ ಸುಪ್ರಿತಾ ಫೋನು ಇಟ್ಟಳು.